ಪಕ್ಕದ ಸೀಟಿನ ಬ್ರೇಕು

ಕ್ಲಚ್ ಸುಡುವ ವಾಸನೆ, ಮತ್ತೆ, ಟೈಲರ್ ಅಕ್ಕನ ಎಡಗಾಲು ಪೆಡಲಿನ ಮೇಲೆ ಅರ್ಧ ಕೂತು ಅರ್ಧ ಎದ್ದು ನಡುಗುತ್ತಿದೆ, ಪೂರ್ತಿ ಬಿಡಿ ಅಕ್ಕ, ಬಿಟ್ರೆ ಹಾರತ್ತಲ್ಲ ಮೇಷ್ಟ್ರೇ, ಹಾರಲ್ಲ ಬಿಡಿ, ಕಾರು ಹಾರುತ್ತದೆ, ಮುಂದಿನ ಸ್ಕೂಟರಿನವನು ಗಾಬರಿಯಿಂದ ತಿರುಗಿ ನೋಡುತ್ತಾನೆ, ನನ್ನ ಬಲಗಾಲು ತಾನಾಗಿಯೇ ನನ್ನ ಕಡೆಯ ಬ್ರೇಕಿನ ಮೇಲೆ ಇಳಿಯುತ್ತದೆ. ಇದೊಂದು ನನ್ನದು, ಈ ಬ್ರೇಕು. ಸ್ಟೀರಿಂಗು ಅವರದು, ರಸ್ತೆ ಯಾರದೋ, ಸ್ಕೂಟರಿನವನ ಹಣೆಬರಹ ಅವನದು. ನಮ್ಮ ಕೈಯಲ್ಲಿರುವುದು, ಕೈಯಲ್ಲಿಲ್ಲದ್ದು, ನಡುವೆ ಒಂದು ಗೆರೆ — ಕಲಿಯಲು ಬಂದ ಯಾರೋ ಹಿಂದಿನ ಸೀಟಿನಲ್ಲಿ ಮರೆತುಹೋದ ರಟ್ಟು ಕಿತ್ತ ಪುಸ್ತಕದಲ್ಲಿ ಇದನ್ನು ಓದಿದ ದಿನ ನಗು ಬಂದಿತ್ತು, ಸ್ಟೋಯಿಕರು ಅಂತೆ ಅವರು, ಗ್ರೀಸು ರೋಮಿನ ತತ್ವಜ್ಞಾನಿಗಳು, ಎಂದೋ ಸತ್ತುಹೋದವರು, ಡ್ರೈವಿಂಗ್ ಸ್ಕೂಲಿನ ಕಾರನ್ನು ಎಲ್ಲಿ ನೋಡಿದರು, ಪಕ್ಕದ ಸೀಟಿನಲ್ಲಿ ಕೂತು ಬದುಕುವುದು ಹೇಗೆಂದು ಇಷ್ಟು ಸರಿಯಾಗಿ ಹೇಗೆ ಗೊತ್ತಾಯಿತು. ಅಂದಿನಿಂದ ತಣ್ಣೀರ ಸ್ನಾನ, ಬೈದವರಿಗೆ ಮುಗುಳ್ನಗೆ, ಬೆಳಿಗ್ಗೆ ಹಲ್ಲುಜ್ಜುತ್ತ ಆಗಬಾರದ್ದನ್ನೆಲ್ಲ ಮುಂಚಿತವಾಗಿ ಕಲ್ಪಿಸಿಕೊಳ್ಳುವ ಅಭ್ಯಾಸ, ಕೆಲಸ ಹೋಯಿತು, ಕಾಲು ಮುರಿಯಿತು, ಹೆಂಡತಿ ಸತ್ತಳು, ಮಗು — ಮಗುವನ್ನೂ, ಹೌದು, ಅದು ಅವಳ ಹೊಟ್ಟೆಯಲ್ಲಿ ಒದೆಯತೊಡಗಿದ ಮೇಲೂ, ಅವಳು ಒಳಗಿನಿಂದ ಬಾ ಇಲ್ಲಿ ಕೈಯಿಟ್ಟು ನೋಡು ಎಂದು ಕೂಗುತ್ತಿದ್ದಾಗ, ಬಾಯಿತುಂಬ ನೊರೆ ಇಟ್ಟುಕೊಂಡು ನಾನು ಕನ್ನಡಿಯೆದುರು ಅದನ್ನು ಸಾಯಿಸುತ್ತಿದ್ದೆ. ಮೊದಲೇ ಅತ್ತು ಮುಗಿಸಿದರೆ ಆಮೇಲೆ ಅಳಬೇಕಿಲ್ಲ. ಆಮೇಲೆ ಅಳಲಿಲ್ಲ. ಅಭ್ಯಾಸ ಫಲಿಸಿತು, ಶಾಪ ಫಲಿಸಿದ ಹಾಗೆ. ಆದರೆ ಟವಲಿನಿಂದ ಹೊರಗೆ ಜಾರಿದ ಆ ಪಾದ — ಬೇಡ, ಗೇರು, ಅಕ್ಕ, ಎರಡನೇ ಗೇರು.

ಹಾಕಿದರು, ಕರಕರ ಎಂದು, ಹಾಕಿ ತಾವೇ ನಕ್ಕರು, ನೀವು ದೇವರಂಥೋರು ಮೇಷ್ಟ್ರೇ, ನಮ್ಮನೆಯವರು ಪಕ್ಕದಲ್ಲಿ ಕೂತ್ರೆ ಹಾರ್ನೇ ಬೇಕಾಗಿಲ್ಲ, ಅವರ ಬಾಯೇ ಸಾಕು, ನೀವು ನೋಡಿ, ಲಾರಿ ಎದುರಿಗೆ ಬಂದ್ರೂ ಕಣ್ಣು ಮಿಟುಕಿಸಲ್ಲ, ಐಸ್ ಮೇಷ್ಟ್ರು ಅಂತ ಹೆಸರಿಟ್ಟಿದೀವಿ ನಿಮಗೆ, ಗೊತ್ತಾ, ಮನೇಲೂ ಹೀಗೇನಾ, ಪುಣ್ಯ ಮಾಡಿರಬೇಕು ನಿಮ್ಮ ಹೆಂಡತಿ. ಪುಣ್ಯವಂತೆ ಈ ಹೊತ್ತಿಗೆ ಚೀಲದ ಜಿಪ್ಪು ಎಳೆಯುತ್ತಿರಬೇಕು, ಅಥವಾ ಎಳೆದಾಯಿತು, ಅವಳ ತಮ್ಮ ಅದನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿಯುತ್ತಿರಬೇಕು, ಬಸ್ ಸ್ಟ್ಯಾಂಡೇ ಸೇರಿದರೋ ಏನೋ, ಅವಳ ಊರಿಗೆ ಹನ್ನೊಂದರ ಬಸ್ಸು. ಬೆಳಿಗ್ಗೆ ಸೀರೆ ಮಡಿಸುತ್ತ, ತಲೆಯೆತ್ತದೆ, ಕೊನೇ ಸಲ ಕೇಳ್ತೀನಿ, ಹೇಗಿತ್ತು ಅದು, ಯಾರ ಥರ ಇತ್ತು. ಆಗಿಹೋಗಿದ್ದು ನಮ್ಮ ಕೈಲಿಲ್ಲ, ಅಂದೆ. ಇತ್ತಲ್ಲ, ಅಂದಳು, ನಿನ್ನ ಕೈಲೇ ಇತ್ತಲ್ಲ, ನನಗೆ ಎಚ್ಚರ ಇರಲಿಲ್ಲ, ನರ್ಸು ಹೇಳಿದ್ರು, ಹುಟ್ಟುವಾಗಲೇ ಉಸಿರಿರಲಿಲ್ಲ, ಟವಲಲ್ಲಿ ಸುತ್ತಿ ನಿಮ್ಮ ಯಜಮಾನರ ಕೈಗೇ ಕೊಟ್ವಿ ಅಂತ, ನೀನು ನೋಡಿದೀಯ, ನಾನು ನೋಡಿಲ್ಲ, ಹೊತ್ತವಳು ನಾನು. ನಾನು ಷೂ ದಾರ ಕಟ್ಟಿಕೊಂಡೆ. ಅವಳು ಹೋಗುವುದು ಬಿಡುವುದು ಅವಳ ಇಷ್ಟ, ಗೆರೆಯ ಆಚೆಗಿನದು, ಹತ್ತು ಗಂಟೆಗೆ ಟೈಲರ್ ಅಕ್ಕನ ಪಾಠ ಇದೆ. ಆಸ್ಪತ್ರೆಯಿಂದ ಬಂದ ವಾರವೇ ಅವಳನ್ನು ಸಮಾಧಾನ ಮಾಡಲು ಹೋಗಿ ಹೇಳಿದ್ದೆ, ಕಳ್ಕೊಂಡ್ವಿ ಅನ್ಬೇಡ, ಎರವಲು ತಂದಿದ್ದನ್ನ ವಾಪಸ್ ಕೊಟ್ವಿ ಅಂದ್ಕೋ. ಯಾರಿಗೆ ಕೊಟ್ಟೆ, ಅಂದಿದ್ದಳು, ರಸೀದಿ ತಗೊಂಡ್ಯಾ. ಆಮೇಲೆ ಅವಳು ನನ್ನೆದುರು ಅಳುವುದನ್ನೂ ನಿಲ್ಲಿಸಿದಳು, ಬಚ್ಚಲಿನ ನಲ್ಲಿ ತಿರುಗಿಸಿಕೊಂಡು ಅಳುತ್ತಿದ್ದಳು, ನಾನು ಹೊರಗೆ ನಿಂತು ನೀರು ಪೋಲಾಗುವುದನ್ನು ಕೇಳಿಸಿಕೊಳ್ಳುತ್ತಿದ್ದೆ, ಕಲ್ಲುಗುಂಡಿನ ಹಾಗೆ.

ಟವಲು ಬಿಳಿಯದು, ಆಸ್ಪತ್ರೆಯ ಹೆಸರು ಅಚ್ಚಾದ ಅಂಚು, ಮುಖ ಮುಚ್ಚಿತ್ತು, ನಾನು ಸರಿಸಲಿಲ್ಲ, ಸರಿಸಲು ಧೈರ್ಯವಿರಲಿಲ್ಲ, ಪಾದ ತಾನಾಗಿಯೇ ಹೊರಗೆ ಜಾರಿತು, ನನ್ನ ಹೆಬ್ಬೆಟ್ಟಿನಷ್ಟು, ಬೆರಳುಗಳು ಒಂದಕ್ಕೊಂದು ಅಂಟಿಕೊಂಡು, ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ, ಒಂದಿಷ್ಟೇ ಇಷ್ಟು. ಮದುವೆಗೆ ಮುಂಚೆ ಅಮ್ಮ ಇವಳ ಕಾಲು ನೋಡಿ ಒಳಗೆ ಬಂದು ಪಿಸುಗುಟ್ಟಿದ್ದಳು, ಪಕ್ಕದ ಬೆರಳು ಉದ್ದ ಇದೆ ಕಣೋ, ಗಂಡನ್ನ ಬುಗುರಿ ಆಡಿಸ್ತಾಳೆ, ನೋಡ್ಕೋ. ಅದನ್ನು ಇವಳಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕಿದ್ದಳು, ಹಾಸಿಗೆಯಲ್ಲಿ ಆ ಬೆರಳಿನಿಂದ ನನ್ನ ಮೀನಖಂಡ ತಿವಿದು, ತಿರುಗು ಬುಗುರಿ, ತಿರುಗು. ಅಷ್ಟು ಹೇಳಿದರೆ ಸಾಕಿತ್ತು, ನಿನ್ನ ಥರ, ಎರಡು ಮಾತು. ಹೇಳಿದರೆ ಅದು ಮಗುವಾಗಿಬಿಡುತ್ತಿತ್ತು, ಹೇಳದಿದ್ದರೆ ಬರೀ ಟವಲು, ಬರೀ ಘಟನೆ, ಬರೀ ಗೆರೆಯ ಆಚೆಗಿನದು. ಮೇಷ್ಟ್ರೇ, ಯಾವ ಕಡೆ, ಎಡಕ್ಕಾ ಬಲಕ್ಕಾ, ಮೇಷ್ಟ್ರೇ. ಬಸ್ಸು ನನ್ನದಲ್ಲ, ಸಾವು ನನ್ನದಲ್ಲ, ಅವಳ ಕಾಲು ಅವಳದು, ಎಲ್ಲ ಸರಿ, ಒಪ್ಪಿದೆ, ನಾಲಿಗೆ ಯಾರದು. ಪುಸ್ತಕದವರು ಗೆರೆ ಎಳೆದುಕೊಟ್ಟರು, ನಾಲಿಗೆಯನ್ನು ಆಚೆಗೆ ಎಸೆದವನು ನಾನು, ಹೆದರಿಕೆಗೆ ತತ್ವದ ಅಂಗಿ ತೊಡಿಸಿ ಊರೆಲ್ಲ ತಿರುಗಿಸಿದವನು ನಾನು — ಎಡಕ್ಕೆ, ಅಕ್ಕ, ಎಡಕ್ಕೆ ತಗೊಳ್ಳಿ. ಅಯ್ಯೋ ಅಲ್ಲಿ ಬಸ್ ಸ್ಟ್ಯಾಂಡು, ನಂಗಾಗಲ್ಲಪ್ಪ, ಬಟ್ಟೆ ಆದ್ರೆ ತಪ್ಪಾದ್ರೆ ಬಿಚ್ಚಿ ಹೊಲೀತೀನಿ, ಬಸ್ಸಿಗೆ ಗುದ್ದಿದ್ರೆ ಬಿಚ್ಚಿ ಹೊಲಿಯೋಕಾಗತ್ತಾ. ಎಡಕ್ಕೆ, ದಮ್ಮಯ್ಯ. ಅವರು ನನ್ನ ಕಡೆ ತಿರುಗುತ್ತಾರೆ, ರಸ್ತೆ ಬಿಟ್ಟು ನನ್ನ ಮುಖವನ್ನೇ ನೋಡುತ್ತಾರೆ, ಏನೂ ಕೇಳದೆ ತಿರುಗಿಸುತ್ತಾರೆ, ಸಿಗ್ನಲ್ ಹಾಕದೆ.

ಹಣ್ಣಿನ ಗಾಡಿ, ಗೋಡೆಯ ಪೋಸ್ಟರು, ನಿಧಾನ ಎನ್ನುವ ಫಲಕ, ಎಂದೂ ಯಾರಿಗೂ ಹೇಳದ ಮಾತು ನನ್ನ ಬಾಯಿಂದ ಬರುತ್ತಿದೆ, ಜೋರಾಗಿ, ಇನ್ನೂ ಜೋರಾಗಿ ಆಕ್ಸಿಲರೇಟರ್ ಒತ್ತಿ ಅಕ್ಕ, ಹೊರಹೋಗುವ ಗೇಟಿನ ಎದುರು ನೀಲಿ ಬಸ್ಸಿನ ಮೂತಿ, ಅದೇ, ಅವಳ ಊರಿನ ಬೋರ್ಡು, ಮೂತಿ ಹೊರಗೆ ಬರುತ್ತಿದೆ, ಟೈಲರ್ ಅಕ್ಕ ಅಮ್ಮಾ ಎಂದು ಎಲ್ಲ ಪೆಡಲುಗಳನ್ನೂ ಒಟ್ಟಿಗೆ ತುಳಿಯುತ್ತಾರೆ, ಕಾರು ಕೆಮ್ಮಿ ಗೇಟಿಗೆ ಅಡ್ಡವಾಗಿ ಆರಿಹೋಗುತ್ತದೆ. ಹಾರ್ನು, ಹಾರ್ನಿನ ಮೇಲೆ ಹಾರ್ನು, ಏ ಎಲ್ ಬೋರ್ಡು, ಇದೇನು ನಿಮ್ಮಪ್ಪನ ಮನೆ ಅಂಗಳಾನಾ, ಅಕ್ಕ ಕೀಲಿಕೈಗೆ ಕೈ ಹಾಕುತ್ತಾರೆ, ಸ್ಟಾರ್ಟ್ ಮಾಡಬೇಡಿ, ಅನ್ನುತ್ತೇನೆ, ಏನಾದ್ರೂ ಆಗಲಿ, ಯಾರು ಏನೇ ಬೈಲಿ, ಸ್ಟಾರ್ಟ್ ಮಾಡಬೇಡಿ. ಬಾಗಿಲು, ಬಿಸಿಲು, ಬಸ್ಸಿನ ಬಿಸಿಯಾದ ತಗಡು ಅಂಗೈಗೆ ಸುಡುತ್ತಿದೆ, ಬಡಿಯುತ್ತೇನೆ, ಮೂರನೆಯ ಕಿಟಕಿ, ಅವಳ ತಮ್ಮನ ಮುಖ, ಭಾವ, ಬೇಡ ಭಾವ, ಜನ ನೋಡ್ತಿದಾರೆ, ಅವನ ಹಿಂದೆ ಅವಳು, ತಮ್ಮನನ್ನು ಮೊಣಕೈಯಿಂದ ಸರಿಸಿ ಗಾಜು ಎಳೆಯುತ್ತಾಳೆ, ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ಅರ್ಧ ಮುಖ, ಪೂರ್ತಿ ಕಣ್ಣು, ಏನು ಎಂದು ಕೇಳುವುದಿಲ್ಲ, ಕೇಳುವುದೆಲ್ಲ ಕೇಳಿ ಮುಗಿಸಿದ್ದಾಳೆ. ಹೋಗಬೇಡ ಎನ್ನಲು ಬಂದಿಲ್ಲ, ಹೋಗು, ಹೋದರೂ ಇದನ್ನು ತೆಗೆದುಕೊಂಡು ಹೋಗು, ಇದು ನಿನ್ನದು. ಕಾಲು, ಅನ್ನುತ್ತೇನೆ. ಪಾದ, ಅದರ ಪಾದ, ಹೊರಗೆ — ಅವಳ ಬೆರಳುಗಳು ಕಿಟಕಿಯ ಅಂಚನ್ನು ಹಿಡಿಯುತ್ತವೆ, ಹಾರ್ನು, ಡ್ರೈವರಿನ ಬೈಗುಳ, ಮುಂದಿನ ಮಾತು ಬರಬೇಕು, ಎರಡೇ ಮಾತು, ನಿನ್ನ ಥರ, ಬಾಯಿ ತೆರೆದೇ ಇದೆ, ಬಾಯೊಳಗೆ ಟವಲು, ಬಿಳಿ, ಅಂಚು ಸರಿಯುತ್ತದೆ, ಪಾದ, ಪಕ್ಕದ ಬೆರಳು, ಒಂದಿಷ್ಟೇ ಉದ್ದ, ಒಂದಿಷ್ಟೇ, ಪಕ್ಕದ ಬೆರಳು —