ತಾವೆತ್ತಿ ಮಾವನ ಏಳು ಕಿಲೋ ಟ್ರೌಟ್

ಫಿನ್ಲೆಂಡಿನ ನಮ್ಮ ಈ ಮೂಲೆಯಲ್ಲಿ ಟ್ರೌಟ್ ಮೀನಿನ ಹಣೆಬರಹ ಬೆನ್ನ ಮೇಲಿರುತ್ತದೆ. ಬಾಲಕ್ಕೆ ಸ್ವಲ್ಪ ಮುಂಚೆ, ಹೆಬ್ಬೆರಳ ಉಗುರಿನಷ್ಟು ಒಂದು ರೆಕ್ಕೆ. ಸಾಕಣೆ ಕೇಂದ್ರದವರು ಮರಿಗಳನ್ನು ಸರೋವರಕ್ಕೆ ಬಿಡುವ ಮೊದಲೇ ಅದನ್ನು ಕತ್ತರಿಸಿರುತ್ತಾರೆ. ಅಂಥ ಮೀನನ್ನು ಹಿಡಿದು ತಿನ್ನಬಹುದು. ರೆಕ್ಕೆ ಇದ್ದರೆ ಅದು ಇಲ್ಲೇ ಹುಟ್ಟಿದ ಕಾಡುಮೀನು, ಜೀವಂತವಾಗಿ ನೀರಿಗೆ ಬಿಡಬೇಕು. ಕಾನೂನು ಬರುವ ಹತ್ತು ವರ್ಷ ಮೊದಲೇ ನಮ್ಮ ಗಾಳದ ಸಂಘದಲ್ಲಿ ಈ ನಿಯಮ ತಂದವರು ನನ್ನ ಸೋದರಮಾವ ತಾವೆತ್ತಿ. ಇಪ್ಪತ್ತೆರಡು ವರ್ಷದಿಂದ ಅವರೇ ಅಧ್ಯಕ್ಷರು. ಯಾರು ಮೀನು ತಂದರೂ ಮೂಗಿನಲ್ಲಿ ಪಾಠ ಶುರು. ಆ ಮೂಗುದನಿಯ ಅಣಕ ನನಗೆ ಕರಗತ.

ಮೇ ತಿಂಗಳ ಸ್ಪರ್ಧೆಯಲ್ಲಿ ತೂಕ ಹಾಕುವ ಕೆಲಸ ನನ್ನದು. ಸಂಘದ ಸದಸ್ಯೆ ಹಿಲ್ಕಾ ದಡದಲ್ಲಿ ಸಾಸೇಜು ಸುಡುತ್ತಿದ್ದಳು. ಮಾವ ಎಲ್ಲರಿಗಿಂತ ಕೊನೆಗೆ ಬಂದರು. ಅವರು ದೋಣಿಯಿಂದ ಎತ್ತಿದ ಸತ್ತ ಟ್ರೌಟ್ ನೋಡಿ, ತುಟಿಗೆ ಹೊರಟಿದ್ದ ಕಾಫಿ ಲೋಟಗಳು ನಡುದಾರಿಯಲ್ಲೇ ನಿಂತವು. ಏಳು ಕಿಲೋ ಇನ್ನೂರು ಗ್ರಾಂ. ಸಂಘದ ದಾಖಲೆಯೇ ಆರೂವರೆ.

"ಬರ್ಕೋ ಇಲ್ಪೊ, ಚಳಿ ಆಗ್ತಿದೆ," ಅಂದರು ಮಾವ.

"ಪರೀಕ್ಷೆ ಮಾಡ್ದೆ ಹೆಂಗ್ ಬರ್ಕೊಳ್ತಾನೆ?" ಹಿಲ್ಕಾ ಕಿಚಾಯಿಸಿದಳು. "ಅಧ್ಯಕ್ಷರಿಗೊಂದು ಕಾನೂನು, ನಮಗೊಂದಾ?"

ನಾನು ಮೂಗು ಹಿಡಿದು ಮಾವನ ದನಿ ತೆಗೆದೆ: "ಕಣ್ಣು ನಂಬಬೇಡ್ರಪ್ಪಾ, ಬೆರಳು ನಂಬಿ. ರೆಕ್ಕೆ ಇದೆಯಾ, ನೀರಿಗೆ. ಇಲ್ವಾ, ಬಾಣಲೆಗೆ." ಅವರ ಹಾಗೇ ಹೆಬ್ಬೆರಳನ್ನು ಮೀನಿನ ಬೆನ್ನ ಮೇಲೆ ಜಾರಿಸಿದೆ.

ರೆಕ್ಕೆ ಇರಲಿಲ್ಲ. ಹೆಬ್ಬೆರಳು ಕೆಂಪಾಗಿತ್ತು.

ಮರಿಯಾಗಿದ್ದಾಗ ಕತ್ತರಿಸಿದ ಜಾಗ ಮಾಗಿ ನುಣ್ಣಗಿರುತ್ತದೆ. ಇದು ಹಸಿಗಾಯ, ಇವತ್ತಿನದು. ತಲೆ ಎತ್ತಿದರೆ ಮಾವ ನನ್ನ ಬೆರಳನ್ನೇ ನೋಡುತ್ತಿದ್ದರು.

"ಒರೆಸ್ಕೊಳ್ಳೋ," ಅಂದರು, ಪಕ್ಕದವರಿಗೂ ಕೇಳದ ಹಾಗೆ.

ಒರೆಸಿಕೊಂಡರೆ ಮುಗಿಯಿತು, ಮಾವನ ಹೆಸರು ದಾಖಲೆಯಲ್ಲಿ. ಬಾಯಿಬಿಟ್ಟರೂ ಮುಗಿಯಿತು, ಮಾವನ ಹೆಸರೇ. ಅವರು ನನಗೆ ಗಾಳ ಕಟ್ಟಲು ಕಲಿಸಿದವರು.

"ಗಾಯ ಹಸಿ ಇದೆ," ಅಂದೆ. "ಇದು ಕಾಡುಮೀನು. ರೆಕ್ಕೆ ಕತ್ತರಿಸಿದ್ದು ಈಗ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಥೇಟ್ ಅವರ ಹಾಗೇ ಕಣೋ," ಅಂದಳು ಹಿಲ್ಕಾ.

ನಾನು ಆಡಿದ್ದು ನನ್ನದೇ ದನಿಯಲ್ಲಿ. ಇನ್ನೊಮ್ಮೆ ಹೇಳಿದೆ. ಇನ್ನೂ ಜೋರಾಗಿ ನಕ್ಕರು.

ನಗದೆ ನಿಂತವರು ಮಾವ ಮತ್ತು ನಾನು. ಹಿಲ್ಕಾ ಅವರ ಮುಖ ನೋಡಿದಳು, ಆಮೇಲೆ ನನ್ನ ಬೆರಳು ನೋಡಿದಳು. ನಗು ಒಬ್ಬೊಬ್ಬರಲ್ಲೇ ಆರಿತು.

ಮಾವ ಜೇಬಿನಿಂದ ಹೆಬ್ಬೆರಳ ಉಗುರಿನಷ್ಟು ಒದ್ದೆ ಚೂರೊಂದನ್ನು ತೆಗೆದು ಮೀನಿನ ಪಕ್ಕ ಇಟ್ಟರು. ತಕ್ಕಡಿಯ ಅಂಕಿ ಬದಲಾಗಲಿಲ್ಲ.

"ನಲವತ್ತು ವರ್ಷ ಬಿಟ್ಟಿದ್ದೇ ಬಿಟ್ಟಿದ್ದು," ಅಂದರು. "ಇದೊಂದನ್ನ ಬಿಡೋಕಾಗಲಿಲ್ಲ."

ಅವರು ದೋಣಿಯ ಕಡೆ ಹೊರಟರು. ದಾರಿ ಬಿಡಬೇಕೆಂಬುದೂ ಯಾರಿಗೂ ಹೊಳೆಯಲಿಲ್ಲ. ಅವರೇ ಒಬ್ಬೊಬ್ಬರನ್ನು ಬಳಸಿಕೊಂಡು ಹೋಗಬೇಕಾಯಿತು.