ಎರಡು ದಿನ ಪುಡಿ ಹಾಕದ ನೀರು

ನಮ್ಮೂರಿನ ಟ್ಯಾಂಕಿಗೆ ನೀರು ಹತ್ತಿಸಿ ಬಿಡುವವನು ನಾನು, ಬಿಳಿಗಿರಿ. ಹನ್ನೊಂದು ವರ್ಷದಿಂದ ನನ್ನ ಕೈ ಮೂಸಿದರೆ ಬ್ಲೀಚಿಂಗ್ ಪುಡಿಯ ವಾಸನೆ. ಮಳೆಗಾಲದಲ್ಲಿ ಹಳ್ಳದ ಪಕ್ಕದ ಬಾವಿಗೆ ಮೇಲಿನ ಹೊಲಗಳ ಕೆನ್ನೀರು ಇಳಿಯುತ್ತದೆ, ದನದ ಕೊಟ್ಟಿಗೆಯದ್ದೂ ಇಳಿಯುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ಬಕೆಟ್ಟಿನಲ್ಲಿ ಪುಡಿ ಕಲಸಿ, ಗಷ್ಟು ತಳಕ್ಕೆ ಕೂತ ಮೇಲೆ ತಿಳಿಯನ್ನು ಟ್ಯಾಂಕಿಗೆ ಸುರಿಯಬೇಕು. ಸುರಿದರೆ ಊರವರ ಬೈಗುಳ. ಕಾಫಿ ಕೆಟ್ಟರೂ ನಾನೇ ಕಾರಣ, ಬೇಳೆ ಬೇಯದಿದ್ದರೂ ನಾನೇ ಕಾರಣ. ಬೈದುಕೊಳ್ಳಲಿ, ಬೈಯುವ ಬಾಯಿ ಗಟ್ಟಿಯಾಗಿದೆಯಲ್ಲ, ಅಷ್ಟು ಸಾಕು ಎಂದು ಗೊಣಗಿಕೊಂಡು ನನ್ನ ಕೆಲಸ ಮಾಡುತ್ತಿದ್ದೆ.

ಶ್ರಾವಣದ ಸೋಮವಾರ ಪುಟ್ಟಬಸಪ್ಪನವರ ಮನೆಯಲ್ಲಿ ಮಠದ ಅಯ್ಯನವರ ಪಾದಪೂಜೆ ಇತ್ತು. ಊರಿಗೆಲ್ಲ ಊಟ. ಹಿಂದಿನ ದಿನ ಅವರೇ ನನ್ನ ಮನೆ ಬಾಗಿಲಿಗೆ ಬಂದರು.

"ಬಿಳಿಗಿರಿ, ಎಲ್ಡು ದಿವ್ಸ ಆ ಪುಡಿ ಆಕ್ಬ್ಯಾಡ ಕಣ್ಲಾ. ಅಯ್ನೋರ ಪಾದ ತೊಳ್ದ ನೀರ ಎಲ್ರೂ ಬಾಯ್ಗೆ ಬುಟ್ಕತ್ತಾರೆ. ಅದ್ರಲ್ಲಿ ಆಸ್ಪತ್ರೆ ವಾಸ್ನೆ ಒಡುದ್ರೆ ಚೆಂದ್ವಾ?"

ಊರಿನ ದೊಡ್ಡ ಮನುಷ್ಯ, ಯಾರನ್ನೂ ಏನನ್ನೂ ಕೇಳಿದವರಲ್ಲ. ನನ್ನನ್ನು ಕೇಳಿದರು ಎಂದು ನಾನು ಉಬ್ಬಿಹೋದೆ. "ಆಯ್ತು ಯಜಮಾನ್ರೇ" ಎಂದುಬಿಟ್ಟೆ. ಸೋಮವಾರ ಹಾಕಲಿಲ್ಲ, ಮಂಗಳವಾರವೂ ಹಾಕಲಿಲ್ಲ. ಎರಡೂ ದಿನ ಮಳೆ ಬಿಡದೆ ಸುರಿಯಿತು.

ಬುಧವಾರ ಬೆಳಿಗ್ಗೆ ನರ್ಸ್ ಮಂಗಳಗೌರಿ ಫೋನ್ ಮಾಡಿದರು.

"ಬಿಳಿಗಿರಣ್ಣ, ಬಡಗಲ ಬೀದೀಲಿ ನಾಕು ಜನಕ್ಕೆ ವಾಂತಿ ಭೇದಿ. ನೀರ್ಗೆ ಪುಡಿ ಆಕಿದ್ದೀಯ ತಾನೆ?"

ಯೋಚನೆ ಮಾಡುವ ಮೊದಲೇ ಬಾಯಿ ಸುಳ್ಳು ಹೇಳಿತು.

"ಆಕಿವ್ನಿ ನರ್ಸಮ್ಮ. ದಿನಾ ಆಕ್ತೀನಲ್ಲ."

"ಅಂಗಾದ್ರೆ ಪೂಜೆ ಊಟದ್ದೇ ಇರ್ಬೇಕು" ಎಂದು ಅವರು ಫೋನ್ ಇಟ್ಟರು.

ಟ್ಯಾಂಕಿನ ಹತ್ತಿರ ಓಡಿದೆ. ಏಣಿ ಹತ್ತಿದೆ. ಪುಡಿ ಕಲಸಿ ಸುರಿದೆನಾದರೂ ಅದರಿಂದೇನು ಬಂತು? ಹಿಂದಿನ ಸಂಜೆ ಬಿಟ್ಟ ನೀರು ಆಗಲೇ ಎಲ್ಲರ ಮನೆಯ ಕೊಡಗಳಲ್ಲಿತ್ತು. ಇಳಿದು ಬೀದಿಗೆ ಬಂದರೆ ಮಂಗಳಗೌರಿ ಮನೆಮನೆಗೂ ಓಆರ್‌ಎಸ್ ಪೊಟ್ಟಣ ಹಂಚುತ್ತಿದ್ದರು.

"ಪೂಜೆ ಊಟ ಮಿಕ್ಕಿದ್ರೆ ಚೆಲ್ಬುಡಿ. ನೀರ್ಗೇನೂ ಭಯ ಇಲ್ಲ, ಬಿಳಿಗಿರಣ್ಣ ಪುಡಿ ಆಕವ್ರೆ. ಕಾಯ್ಸಕಂತ ಕಾಯ್ತಾ ಕೂರ್ಬ್ಯಾಡಿ, ಈಗ್ಲೇ ಕಲ್ಸಿ ಕುಡೀರಿ."

ನನ್ನ ಹೆಸರು ಹೇಳಿಕೊಂಡು ಅದೇ ನೀರನ್ನು ಕುಡಿಸುತ್ತಿದ್ದರು! ವಾಂತಿಯಿಂದ ಸೋತು ಜಗಲಿಯ ಮೇಲೆ ಕೂತ ಮುದುಕಿ ಚಿಕ್ಕಲಕ್ಷ್ಮಮ್ಮ ಚೊಂಬು ಎತ್ತಿ ಗಟಗಟ ಕುಡಿದದ್ದನ್ನು ಕಣ್ಣಾರೆ ಕಂಡೆ. ಬೇಡ ಎನ್ನಬೇಕಿತ್ತು. ಎಂದರೆ ಸುಳ್ಳು ಬಯಲಾಗುತ್ತದೆ, ಊರು ನನ್ನನ್ನು ಸುಮ್ಮನೆ ಬಿಡುವುದಿಲ್ಲ ಎಂಬ ಭಯ. ತಲೆ ತಗ್ಗಿಸಿಕೊಂಡು ದಾಟಿ ಬಂದೆ. ಇದನ್ನು ಹೇಳಲು ಇವತ್ತಿಗೂ ನನಗೆ ನಾಚಿಕೆ.

ಮನೆಯಲ್ಲಿ ಮಗಳು ಅನುಶ್ರೀ ಗೋಡೆಗೆ ಒರಗಿ ಕೂತಿದ್ದಳು. ಏಳು ತಿಂಗಳ ಬಸುರಿ, ಚೊಚ್ಚಲು. ಹೆರಿಗೆಗೆಂದು ಕರೆತಂದು ಇನ್ನೂ ಹತ್ತು ದಿನವಾಗಿರಲಿಲ್ಲ. ನಾನು ಟ್ಯಾಂಕಿಗೆ ಹೋದಾಗ ಮಲಗಿದ್ದವಳು ಅಷ್ಟರಲ್ಲೇ ನಾಲ್ಕು ಸಲ ವಾಂತಿ ಮಾಡಿಕೊಂಡಿದ್ದಳು. ತುಟಿ ಒಣಗಿ, ಕಣ್ಣು ಒಳಕ್ಕೆ ಹೋಗಿದ್ದವು. ಹೆಂಡತಿ ವಸಂತಮ್ಮ ಕೊಡದ ನೀರಿಗೆ ಪೊಟ್ಟಣ ಕಲಸಿ ಅವಳ ಕೈಗೆ ಲೋಟ ಕೊಟ್ಟಿದ್ದಳು.

ನಾನು ಹಾರಿ ಹೋಗಿ ಲೋಟಕ್ಕೆ ಹೊಡೆದೆ. ನೀರೆಲ್ಲ ಮಗಳ ಮಡಿಲಿಗೆ ಚೆಲ್ಲಿತು.

"ನಿಂಗೇನ್ ಬಂತು ಕೇಡು?" ವಸಂತಮ್ಮ ಕಿರುಚಿದಳು.

"ಪುಡಿ ಆಕಿಲ್ಲ ಕಣಮ್ಮಿ. ಎಲ್ಡು ದಿವ್ಸದಿಂದ ಆಕಿಲ್ಲ. ನರ್ಸಮ್ಮಂಗೆ ಸುಳ್ಳೇಳ್ಬುಟ್ಟೆ."

ಅನುಶ್ರೀ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನನ್ನನ್ನು ನೋಡಿದಳು. "ಅಪ್ಪ, ಬೆಳಿಗ್ಗಿಂದ ಕೂಸು ಮಿಸುಕ್ತಾನೇ ಇಲ್ಲ."

ವಸಂತಮ್ಮ ಬೈಯಲಿಲ್ಲ, ಅಳಲೂ ಇಲ್ಲ. ಒಲೆ ಹಚ್ಚಿ ನೀರು ಕಾಯಲು ಇಟ್ಟು, 108ಕ್ಕೆ ಫೋನ್ ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಿನ್ ಮಗಳ ಕೈಲಿದ್ ಲೋಟ ನೀನ್ ಒಡ್ದೆ. ಊರೋರ ಕೈಲಿರೋ ಲೋಟವ ಯಾರ್ ಒಡ್ದಾರು?"

ಗುಡಿಗೆ ಓಡಿದೆ. ಭಜನೆಯ ಮೈಕ್ ಹಚ್ಚಿ, ಗಂಟಲು ಹರಿಯುವಂತೆ ಕೂಗಿದೆ.

"ಯಾರೂ ನೀರ್ ಕುಡೀಬ್ಯಾಡಿ! ಕೊಡದಲ್ಲಿರೋದ ಸುರ್ದ್ಬುಡಿ. ಚೆನ್ನಾಗ್ ಕುದ್ಸಿ, ಆರ್ಸಿ ಕುಡೀರಿ. ಪುಡಿ ಆಕಿಲ್ಲ. ಆಕಿವ್ನಿ ಅಂತ ಸುಳ್ಳೇಳ್ದೋನು ನಾನು, ಬಿಳಿಗಿರಿ!"

ಜನ ಮಳೆಯಲ್ಲೇ ಬಂದು ಸುತ್ತುಗಟ್ಟಿದರು. ಬಡಗಲ ಬೀದಿಯ ಪ್ರಕಾಶನ ತಾಯಿ ರಾತ್ರಿಯಿಂದ ಭೇದಿಯಾಗಿ ನೆಲ ಹಿಡಿದಿದ್ದಳು, ಅವನು ನನ್ನ ಕೊರಳಪಟ್ಟಿಗೆ ಕೈ ಹಾಕಿದ. ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಪುಟ್ಟಬಸಪ್ಪನವರು ಜನರನ್ನು ಸರಿಸಿಕೊಂಡು ಬಂದು ಮೈಕ್ ಕಿತ್ತುಕೊಂಡರು. ನಾನು ಅವರ ಹೆಸರು ಎತ್ತಿರಲಿಲ್ಲ.

"ಪುಡಿ ಬ್ಯಾಡ ಅಂದೋನು ನಾನು ಕಣ್ರಪ್ಪ" ಎಂದರು. "ಅವುನ್ ಬುಡಿ. ಮೊದ್ಲು ನಿಮ್ ನಿಮ್ಮನೆ ನೀರ್ ಚೆಲ್ಲೋಗಿ."

ಇದರಿಂದ ನನ್ನ ಭಾರವೇನೂ ಇಳಿಯಲಿಲ್ಲ. ಬೇಡ ಎಂದವರು ಅವರಾದರೂ ಸುಳ್ಳು ನನ್ನದೇ.

ಆಂಬುಲೆನ್ಸಿನಲ್ಲಿ ಅನುಶ್ರೀ ಜೊತೆಗೆ ಚಿಕ್ಕಲಕ್ಷ್ಮಮ್ಮನೂ ಪ್ರಕಾಶನ ತಾಯಿಯೂ ಇದ್ದರು. ಮಂಗಳಗೌರಿ ನನ್ನ ಮುಖ ನೋಡಲಿಲ್ಲ. ತಾಳವಾಡಿ ಆಸ್ಪತ್ರೆ ಮುಟ್ಟುವವರೆಗೂ ಮಗಳ ಹೊಟ್ಟೆಯನ್ನೇ ನೋಡುತ್ತಾ, ಮಾದಪ್ಪನನ್ನು ಬೇಡಿಕೊಂಡೆ. ನನ್ನನ್ನು ತೆಗೆದುಕೋ, ಆ ಕೂಸನ್ನು ಬಿಡು ಎಂದೆ.

ಆಸ್ಪತ್ರೆಯಲ್ಲಿ ಎರಡು ಬಾಟಲಿ ಡ್ರಿಪ್ ಏರಿಸಿದರು. ಡಾಕ್ಟರಮ್ಮ ಹೊಟ್ಟೆಯ ಮೇಲೆ ಒಂದು ಯಂತ್ರ ಒತ್ತಿ ಹಿಡಿದರು. ಮೊದಲು ಬರೀ ಗೊರಗೊರ ಸದ್ದು. ಯಂತ್ರವನ್ನು ಸರಿಸಿದರು, ಮತ್ತೆ ಸರಿಸಿದರು. ಆಮೇಲೆ ಕೂಸಿನ ಎದೆಬಡಿತ ಬೇಗ ಬೇಗ ಕೇಳಿಸಿತು. ವಸಂತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ನಾನು ಗೋಡೆ ಹಿಡಿದುಕೊಂಡು ಅತ್ತೆ.

ಮಧ್ಯಾಹ್ನದ ಹೊತ್ತಿಗೆ ಅನುಶ್ರೀ ನೀರು ಕೇಳಿದಳು. ಮನೆಯಲ್ಲಿ ಕುದಿಸಿ ತಂದ ನೀರನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟೆ. ಚಿಕ್ಕವಳಾಗಿದ್ದಾಗ ನಾನು ಕೊಟ್ಟದ್ದನ್ನು ಏನೆಂದೂ ಕೇಳದೆ ಕುಡಿಯುತ್ತಿದ್ದ ಮಗಳು. ಈಗ ಲೋಟದೊಳಗೆ ನೋಡಿದಳು, ನನ್ನ ಮುಖ ನೋಡಿದಳು. ಕೋಪವೇನೂ ಇರಲಿಲ್ಲ. ಲೋಟವನ್ನು ಮೆಲ್ಲಗೆ ನನ್ನ ಕಡೆಗೇ ಚಾಚಿದಳು.

"ಮೊದ್ಲು ನೀನ್ ಕುಡಿಯಪ್ಪ."

ಕುಡಿದೆ. ಅದು ನನ್ನ ಗಂಟಲಲ್ಲಿ ಇಳಿಯುವವರೆಗೂ ನೋಡುತ್ತಿದ್ದು, ಆಮೇಲೆ ಅವಳು ಲೋಟಕ್ಕೆ ಕೈ ನೀಡಿದಳು.