ಮೋಟಾರು ಬಾರದ ದಾರಿ

ನಂಜನಗೂಡಿನ ಒಂದು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದ ಚಕ್ರಪಾಣಿ ಮೇಷ್ಟ್ರಿಗೆ ಬಸ್ಸೆಂದರೆ ಆಗುತ್ತಿರಲಿಲ್ಲ. ತಾಂಡವಪುರ ಬರುವಷ್ಟರಲ್ಲಿ ಹೊಟ್ಟೆ ತೊಳೆಸಿ ವಾಂತಿಯಾಗುತ್ತಿತ್ತು. ಹಾಗಾಗಿ ಎಲ್ಲಿಗೆ ಹೋದರೂ ಸೈಕಲ್ಲು. ಲಾರಿಗಳ ಹೊಗೆ, ಹಾರ್ನು ಇದ್ದ ಕಡೆ ಸೈಕಲ್ಲಿನಲ್ಲೂ ಹೋಗುತ್ತಿರಲಿಲ್ಲ. ನಾಲೆಯ ಏರಿ, ಗಾಡಿಜಾಡು, ಹೊಳೆದಂಡೆಯ ಕಾಲುದಾರಿ ಇವೇ ಅವರ ರಸ್ತೆಗಳು. ಆ ದಾರಿಗಳಲ್ಲಿ ಯಾರೂ ಕೇಳದೆ ಬಿದ್ದಿರುವ ಹಾಳುಗುಡಿ, ವೀರಗಲ್ಲು, ಶಾಸನಗಳನ್ನು ನೋಡಿ ನೋಟ್‌ಬುಕ್ಕಿಗೆ ಬರೆದುಕೊಳ್ಳುವುದು ಅವರ ಹುಚ್ಚು. ಹೆಂಡತಿ ತೀರಿಕೊಂಡಮೇಲೆ ಆ ಹುಚ್ಚು ಇನ್ನೂ ಜಾಸ್ತಿಯಾಗಿತ್ತು.

ಜೊತೆಗೆ ಹೋಗುತ್ತಿದ್ದವನು ಅದೇ ಸ್ಕೂಲಿನ ಅಟೆಂಡರ್ ರಾಚಯ್ಯ. ಕವಲಂದೆ ಕಡೆಯವನು, ಮೂವತ್ತೈದರ ಆಸುಪಾಸು, ದೊಡ್ಡ ಆಳು. ಮೊದಲ ಸಲ ಮೇಷ್ಟ್ರೇ ಕರೆದದ್ದು, ಸಾಮಾನು ಹೊರುವುದಕ್ಕೆ ಒಬ್ಬರು ಬೇಕಲ್ಲ ಎಂದು. ಎರಡನೆಯ ಸಲ ಅವನೇ ಕೇಳಿದ, "ಈ ಸಲ ಯಾವ ಕಡೀಕ್ ಓಗದು ಸಾ?" ಅವನದು ಸ್ವಂತ ಸೈಕಲ್ಲಲ್ಲ. ಬಜಾರಿನ ಅಂಗಡಿಯಿಂದ ಎರಡು ದಿನಕ್ಕೆ ಬಾಡಿಗೆಗೆ ತರುತ್ತಿದ್ದ. ಅಕ್ಷರ ಅವನಿಗೆ ಅಷ್ಟಕ್ಕಷ್ಟೆ. ಆದರೆ ಕಣ್ಣು ಚುರುಕು. ಅರ್ಧ ಫರ್ಲಾಂಗು ದೂರದ ಲಾಂಟಾನ ಪೊದೆಯೊಳಗಿನ ಕಲ್ಲನ್ನು ನೋಡಿ, "ಅದು ಸುಮ್ನೆ ಕಲ್ಲಲ್ಲ ಸಾ, ಕೆತ್ತಿರೋದು" ಎನ್ನುತ್ತಿದ್ದ. ಹೋಗಿ ನೋಡಿದರೆ ಕೆತ್ತಿರುವುದೇ. ಐದು ವರ್ಷದಲ್ಲಿ ಮೇಷ್ಟ್ರ ನೋಟ್‌ಬುಕ್ಕಿಗೆ ಸೇರಿದ ಕಲ್ಲುಗಳಲ್ಲಿ ಮುಕ್ಕಾಲು ಪಾಲು ಅವನು ಕಂಡದ್ದು. ನೋಟ್‌ಬುಕ್ಕಿನಲ್ಲಿ ಅವನ ಹೆಸರು ಎಲ್ಲೂ ಇರಲಿಲ್ಲ.

ಎಪ್ಪತ್ತೊಂಬತ್ತರ ದಸರಾ ರಜೆಯಲ್ಲಿ ಇಬ್ಬರೂ ತಿರುಮಕೂಡಲಿಗೆ ಹೊರಟರು. ಕಪಿಲೆಯ ದಂಡೆ ಹಿಡಿದು ಸುತ್ತೂರು, ಅಲ್ಲಿಂದ ನರಸೀಪುರ, ರಾತ್ರಿ ಸೋಸಲೆಯಲ್ಲಿ ಮೇಷ್ಟ್ರ ಅಕ್ಕ ಲಕ್ಷ್ಮೀದೇವಮ್ಮನ ಮನೆ, ಮಾರನೆಯ ದಿನ ಸೋಮನಾಥಪುರ. ಅಕ್ಕನ ಮನೆಯಲ್ಲಿ ರಾಚಯ್ಯನಿಗೆ ಜಗಲಿಯಲ್ಲಿ ಎಲೆ ಹಾಕುತ್ತಿದ್ದರು. ಅದರ ಬಗ್ಗೆ ಇಬ್ಬರೂ ಯಾವತ್ತೂ ಮಾತಾಡಿದವರಲ್ಲ.

ಬೆಳಿಗ್ಗೆ ಆರಕ್ಕೆಲ್ಲ ಊರು ದಾಟಿದ್ದರು. ಮಳೆ ನಿಂತು ನಾಲ್ಕು ದಿನವಾಗಿದ್ದ ಮಣ್ಣಿನ ದಾರಿ ಗಟ್ಟಿಯಾಗಿ, ಚಕ್ರ ಸದ್ದಿಲ್ಲದೆ ಉರುಳುತ್ತಿತ್ತು. ಒಂದು ಕಡೆ ಹೊಡೆ ಕಟ್ಟುತ್ತಿದ್ದ ಬತ್ತ, ಇನ್ನೊಂದು ಕಡೆ ಕೆಂಪಗೆ ತುಂಬಿ ಹರಿಯುವ ಹೊಳೆ. ಮೂರು ಗಂಟೆ ಹೊತ್ತು ಸೈಕಲ್ ತುಳಿದರೂ ಎದುರಿಗೆ ಬಂದದ್ದು ಎರಡು ಎತ್ತಿನ ಗಾಡಿ, ಒಂದು ಎಮ್ಮೆ ಹಿಂಡು ಅಷ್ಟೆ. ರಾಚಯ್ಯ ಹ್ಯಾಂಡಲ್ ಬಿಟ್ಟು ಎರಡೂ ಕೈ ಮೇಲೆತ್ತಿ ಸ್ವಲ್ಪ ದೂರ ಹೋಗಿ, ತಿರುಗಿ ನೋಡಿ ನಕ್ಕ. "ಸ್ಕೂಲಲ್ಲಿ ಇಂಗ್ ಮಾಡಕಾಯ್ತದಾ ಸಾ?"

ಸುತ್ತೂರು ದಾಟಿ ಎರಡು ಮೈಲಿಯಾಗಿರಬೇಕು. ಹೊಳೆಯ ಕಡೆಗೆ ಇಳಿಜಾರಿನಲ್ಲಿ ಚಾವಣಿ ಕುಸಿದ ಸಣ್ಣ ಗುಡಿ. ಅದರ ಹಿಂದೆ ಎದೆಮಟ್ಟದ ವೀರಗಲ್ಲೊಂದು ನಿಂತಿರುವುದನ್ನು ಕಂಡವನು ಅವನೇ. ಕುದುರೆಯ ಮೇಲೆ ಕೂತ ವೀರ, ಮೇಲೆ ಅಪ್ಸರೆಯರು, ನಡುವೆ ಎರಡು ಸಾಲು ಅಕ್ಷರ. ಮೇಷ್ಟ್ರಿಗೆ ಮೈಯೆಲ್ಲ ಕಣ್ಣಾಯಿತು. ನೀರು ಚಿಮುಕಿಸಿ, ಬಟ್ಟೆಯಿಂದ ಒರೆಸಿ, ಒಂದೊಂದೇ ಅಕ್ಷರ ಬಿಡಿಸಿ ಬರೆದುಕೊಂಡರು. ಎರಡನೆಯ ಸಾಲು ಅರ್ಧ ವಾಕ್ಯಕ್ಕೆ ನಿಂತುಬಿಟ್ಟಿತ್ತು. ಕಲ್ಲಿನ ಬುಡ ಮಣ್ಣಿನಲ್ಲಿ ಹೂತಿತ್ತು.

"ಕೆಳಗಿನ್ನೊಂದು ಸಾಲು ಇರಲೇಬೇಕು ರಾಚಯ್ಯ. ಮಣ್ಣು ತೆಗಿ."

ರಾಚಯ್ಯ ಕುಳಿತು ಕಡ್ಡಿಯಿಂದ ಮಣ್ಣು ಕೆದಕಿದ. ಕಲ್ಲಿನ ಮಗ್ಗುಲಿಗೆ ಒಂದು ಸಂದು ಕಂಡಿತು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

"ಬಿಲ ಇದ್ದಂಗದೆ ಸಾ. ಉದ್ದದ್ದೊಂದು ಕೋಲು ಮುರ್ಕೊಂಡ್ ಬತ್ತೀನಿ."

ಬಿಸಿಲು ಏರುತ್ತಿತ್ತು. ಓರೆ ಬೆಳಕು ಹೋದರೆ ಅಕ್ಷರ ಕಾಣುವುದಿಲ್ಲ. ಮೇಷ್ಟ್ರು ಸಿಡುಕಿದರು.

"ಕೋಲು ತಂದು ಎಷ್ಟು ಹೊತ್ತಿಗೆ? ಇಲಿಬಿಲಕ್ಕೆ ಹೆದರ್ತೀಯಲ್ಲ, ಇಷ್ಟು ದೊಡ್ಡ ಆಳು. ಕೈ ಹಾಕಿ ಆ ಮಣ್ಣು ಎಳಿ ಮಾರಾಯ."

ರಾಚಯ್ಯ ಕೈ ಹಾಕಿದ.

ಕಚ್ಚಿದಾಗ ಅವನು ಕೂಗಲಿಲ್ಲ. ಕೈ ಎಳೆದುಕೊಂಡು, ಹೆಬ್ಬೆರಳ ಬುಡವನ್ನು ನೋಡಿಕೊಂಡು, "ಆವು ಸಾ" ಎಂದ. ಹೆಡೆಯ ಒಂದು ಪಕ್ಕ ಸಂದಿನಲ್ಲಿ ಕಾಣಿಸಿ ಒಳಕ್ಕೆ ಸರಿಯಿತು. ನಾಗರಹಾವು.

ಮೇಷ್ಟ್ರಿಗೆ ಟವೆಲ್ಲು ಕಟ್ಟಲು ಬರಲಿಲ್ಲ. ರಾಚಯ್ಯನೇ ಒಂದು ತುದಿ ಹಲ್ಲಿನಲ್ಲಿ ಕಚ್ಚಿ ಎಳೆದು ಕಟ್ಟಿಕೊಂಡ. ಅವನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಮೇಷ್ಟ್ರು ಸೈಕಲ್ ಹತ್ತಿದರು. ತೆಳ್ಳಗಿನ ಮೈ, ನಲವತ್ತೇಳು ವರ್ಷ. ಇಳಿಜಾರಿನಿಂದ ಏರಿಗೆ ಹತ್ತಿಸುವಷ್ಟರಲ್ಲೇ ಉಸಿರು ಕಟ್ಟಿತು. ಇಳಿದು ತಳ್ಳಿದರು. ಹಿಂದೆ ನೋಡಿದರೆ ದಾರಿ, ಮುಂದೆ ನೋಡಿದರೆ ದಾರಿ. ಒಂದು ಜೀಪು, ಒಂದು ಟ್ರ್ಯಾಕ್ಟರ್, ಬೆಲ್ಲದ ಲಾರಿ, ಯಾವುದಾದರೂ ಸರಿ ಬರಲಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡರು. ಒಂದು ಮೈಲಿ ತಳ್ಳಿದ ಮೇಲೆ ಜವರಯ್ಯ ಎಂಬ ರೈತ ಗದ್ದೆಯಲ್ಲಿ ಕಂಡ. ನೋಡಿದವನೇ ಓಡಿ ಎತ್ತು ಹೂಡಿ ಗಾಡಿ ತಂದ.

"ಪಕ್ಕದ ಊರಲ್ಲಿ ಬೇರು ಕೊಡೋರವ್ರೆ. ಅರ್ಧ ಗಂಟೆ ದಾರಿ. ನರಸೀಪುರದ ಆಸ್ಪತ್ರೆ ಅಂದ್ರೆ ಎರಡೂವರೆ ಮೂರು ಗಂಟೆ ಆಯ್ತದೆ ಸ್ವಾಮಿ. ಎತ್ತಗೊಡೀಲಿ?"

ಮೇಷ್ಟ್ರು ರಾಚಯ್ಯನ ಮುಖ ನೋಡಿದರು.

"ನೀವೇಳ್ದಂಗೆ ಸಾ" ಎಂದ ರಾಚಯ್ಯ.

"ಆಸ್ಪತ್ರೆ" ಎಂದರು ಮೇಷ್ಟ್ರು.

ಬಾಡಿಗೆ ಸೈಕಲ್ಲು ಗುಡಿಯ ಹತ್ತಿರವೇ ಉಳಿಯಿತು. ಹುಲ್ಲು ಹಾಸಿದ ಗಾಡಿಯಲ್ಲಿ ಮೇಷ್ಟ್ರ ತೊಡೆಯ ಮೇಲೆ ತಲೆಯಿಟ್ಟು ಅವನು ಮಲಗಿದ. ಐದು ವರ್ಷದಲ್ಲಿ ಅವರು ಅವನನ್ನು ಮುಟ್ಟಿದ್ದು ಅಂದೇ ಮೊದಲು. ಅರ್ಧ ದಾರಿ ಕಳೆಯುವಷ್ಟರಲ್ಲಿ ಅವನ ರೆಪ್ಪೆಗಳು ಇಳಿಯತೊಡಗಿದವು. "ನಿದ್ದೆ ಬತ್ತದೆ ಸಾ" ಎಂದ. ನಿದ್ದೆ ಮಾಡಬೇಡ ಎಂದು ಮೇಷ್ಟ್ರು ಕೆನ್ನೆ ತಟ್ಟಿದರು. "ಸೈಕಲ್ಲು..." ಎಂದು ಏನೋ ಹೇಳಹೋದ. ನಾಲಿಗೆ ಹೊರಳಲಿಲ್ಲ. ಎಂಜಲು ನುಂಗಲಾಗದೆ ಬಾಯಿಯ ಅಂಚಿನಿಂದ ಇಳಿಯುತ್ತಿತ್ತು. ಮೇಷ್ಟ್ರು ಅದನ್ನು ತಮ್ಮ ಪಂಚೆಯ ತುದಿಯಿಂದ ಒರೆಸುತ್ತಲೇ ಇದ್ದರು. ಅವನಿಗೆ ಎಲ್ಲವೂ ಕೇಳಿಸುತ್ತಿತ್ತೆಂದು ಗೊತ್ತಾಗುತ್ತಿತ್ತು. ಕರೆದಾಗ ಬೆರಳು ಅಲುಗಿಸುತ್ತಿದ್ದ. ಆಮೇಲೆ ಅದೂ ನಿಂತಿತು. ನರಸೀಪುರದ ಸೇತುವೆ ಕಾಣುವ ಹೊತ್ತಿಗೆ ಜವರಯ್ಯ ತಿರುಗಿ ನೋಡಿ, ಎತ್ತುಗಳ ಹಗ್ಗ ಸಡಿಲ ಬಿಟ್ಟ. ಇನ್ನು ಅವಸರವಿರಲಿಲ್ಲ.

ಪೊಲೀಸಿನವರು ಹೇಳಿಕೆ ಬರೆಸಿಕೊಂಡರು. ಹೇಗಾಯಿತು ಎಂದು ಕೇಳಿದಾಗ ಚಕ್ರಪಾಣಿಯವರ ಬಾಯಿಂದ ಬಂದದ್ದು ಬೇರೆಯೇ ಮಾತು. "ದಣಿವಾರಿಸಿಕೊಳ್ಳಲು ಕೂತಿದ್ದೆವು. ಅವನು ಕಲ್ಲಿನ ಸಂದಿಗೆ ಕೈಯಿಟ್ಟ. ನಾನು ನೋಡಲಿಲ್ಲ." ಹಾಗೆ ಹೇಳಬೇಕೆಂದು ಅವರು ಯೋಚಿಸಿರಲಿಲ್ಲ. ಹೇಳಿದ ಮೇಲೆ ಅದನ್ನು ತಿದ್ದಲೂ ಇಲ್ಲ. ಸಹಿ ಹಾಕಿದರು. ರಾಚಯ್ಯನ ಹೆಂಡತಿ ರಾಮಮ್ಮನಿಗೂ ಅದನ್ನೇ ಹೇಳಿದರು.

ಆ ಹೆಣ್ಣುಮಗಳು ಮಾತ್ರ ಮೇಷ್ಟ್ರನ್ನು ದೇವರಂತೆ ಕಂಡಳು. ಗಂಡನ ಕೆಲಸ ಆಕೆಗೆ ಸಿಗಲೆಂದು ಅರ್ಜಿ ಬರೆದವರು ಅವರು. ಮೈಸೂರಿನ ಆಫೀಸಿಗೆ ಏಳು ಸಲ ಸೈಕಲ್ಲಿನಲ್ಲಿ, ಲಾರಿಗಳ ನಡುವೆಯೇ ಹೋಗಿ ಬಂದವರು ಅವರು. ಮರುವರ್ಷ ಜೂನಿನಲ್ಲಿ ರಾಮಮ್ಮ ಅದೇ ಸ್ಕೂಲಿಗೆ ಅಟೆಂಡರ್ ಆಗಿ ಬಂದಳು. ಬಂದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೆ ಮೇಷ್ಟ್ರ ಕಾಲಿಗೆ ಬಿದ್ದಳು. ಅಂದಿನಿಂದ ಅವರ ಮೇಜಿನ ಮೇಲೆ ದಿನಾ ತೊಳೆದ ಲೋಟದಲ್ಲಿ ನೀರು ಇರುತ್ತಿತ್ತು. ಆ ನೀರನ್ನು ಅವರು ಕುಡಿಯದೆ ಕಿಟಕಿಯಾಚೆ ಚೆಲ್ಲುತ್ತಿದ್ದರು.

ಒಂದೂವರೆ ವರ್ಷ ಹೀಗೇ ನಡೆಯಿತು. ಎಂಬತ್ತೆರಡರ ಜನವರಿಯಲ್ಲಿ ಒಂದು ಮಧ್ಯಾಹ್ನ, ಮಕ್ಕಳೆಲ್ಲ ಮೈದಾನಕ್ಕೆ ಹೋಗಿದ್ದಾಗ, ಖಾಲಿ ಕ್ಲಾಸಿನಲ್ಲಿ ಕಸ ಗುಡಿಸುತ್ತಿದ್ದ ರಾಮಮ್ಮನ ಎದುರಿಗೆ ಹೋಗಿ ನಿಂತು, ಚಕ್ರಪಾಣಿ ಎಲ್ಲವನ್ನೂ ಹೇಳಿದರು. ಅವನು ಕೋಲು ತರುತ್ತೇನೆಂದದ್ದು, ತಾವು ಬೈದದ್ದು, ಕೈ ಹಾಕೆಂದದ್ದು.

ರಾಮಮ್ಮ ಪೊರಕೆ ಹಿಡಿದುಕೊಂಡೇ ಕೇಳಿದಳು. ಆಮೇಲೆ ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ಆ ಕಲ್ಲಲ್ಲಿ ಏನ್ ಬರ್ದಿತ್ತು?"

"ಕೆಳಗಿನ ಸಾಲು ನಾನು ಓದಲಿಲ್ಲ. ಆಮೇಲೆ ಆ ಕಡೆಗೇ ಹೋಗಲಿಲ್ಲ."

"ಓದ್ಕಂಡು ಬನ್ನಿ."

ಮುಂದಿನ ಭಾನುವಾರ ಅವರು ಒಬ್ಬರೇ ಹೋದರು. ಅದೇ ದಾರಿ, ಅಷ್ಟೇ ನಿಶ್ಶಬ್ದ. ಬತ್ತ ಕೊಯ್ದಾಗಿ ಗದ್ದೆಗಳು ಬೋಳಾಗಿದ್ದವು. ಹುಡುಕಿಕೊಂಡು ಹೋದಾಗ ಜವರಯ್ಯ ಗುರುತು ಹಿಡಿದು, ಹಾರೆ ತಂದ. ಬಾಡಿಗೆ ಸೈಕಲ್ಲನ್ನು ಆಗಲೇ ಅಂಗಡಿಯವನು ಬಂದು ಒಯ್ದನೆಂದು ತಿಳಿಸಿದ. ಇಬ್ಬರೂ ಸೇರಿ ಕಲ್ಲಿನ ಬುಡವನ್ನು ಒಂದೂವರೆ ಅಡಿ ಬಿಡಿಸಿದರು. ಮೇಷ್ಟ್ರು ನೀರು ಹಾಕಿ ತೊಳೆದರು. ಅಂಗೈಯಿಂದ ಸವರಿದರು. ಮಂಡಿಯೂರಿ ಕೆನ್ನೆಯನ್ನು ನೆಲಕ್ಕೆ ತಾಗಿಸಿ ಓರೆ ಬೆಳಕಿನಲ್ಲಿ ನೋಡಿದರು. ಉಳಿಯ ಏಟು ಬಿದ್ದ ಒರಟು ಕಲ್ಲು. ಅಕ್ಷರವೇ ಇರಲಿಲ್ಲ. ಕೆತ್ತಿದವನು ಮೇಲಿನ ಎರಡು ಸಾಲಿಗೇ ಕೆಲಸ ನಿಲ್ಲಿಸಿ ಎದ್ದುಹೋಗಿದ್ದ.

"ಸಿಕ್ತಾ ಸ್ವಾಮಿ?" ಎಂದ ಜವರಯ್ಯ.

ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿ, ಮಣ್ಣನ್ನು ಮತ್ತೆ ಬುಡಕ್ಕೆ ಎಳೆದರು.

ಸೋಮವಾರ ಬೆಳಿಗ್ಗೆ ರಾಮಮ್ಮ ಗೇಟಿನ ಬೀಗ ತೆಗೆಯುತ್ತಿದ್ದಳು. ಸುಳ್ಳೊಂದನ್ನು ಹೇಳಬಹುದಿತ್ತು, ವೀರನ ಹೆಂಡತಿಗೆ ಊರವರು ಭೂಮಿ ಕೊಟ್ಟರೆಂದೋ, ಅವನ ಹೆಸರು ಸೂರ್ಯಚಂದ್ರರಿರುವ ತನಕ ಉಳಿಯಲೆಂದೋ. ಅಂಥ ಮಾತು ಎಷ್ಟೋ ಕಲ್ಲುಗಳ ಮೇಲಿದೆ. ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಬಂದಿದ್ದರು.

"ಏನೂ ಬರೆದಿರಲಿಲ್ಲ ರಾಮಮ್ಮ" ಎಂದರು.

ಆಕೆ ಅವರನ್ನು ನೋಡಿದಳು. ಗೇಟು ತೆರೆದು, ಅವರು ಒಳಗೆ ಹೋಗಲೆಂದು ಪಕ್ಕಕ್ಕೆ ಸರಿದು ನಿಂತಳು.

ಅವತ್ತಿನಿಂದ ಅವರ ಮೇಜಿನ ಮೇಲೆ ನೀರಿನ ಲೋಟ ಬರಲಿಲ್ಲ. ಉಳಿದ ಒಂಬತ್ತು ಮೇಜುಗಳಿಗೂ ಬರುತ್ತಿತ್ತು. ಮೇಷ್ಟ್ರು ಮನೆಯಿಂದ ತಂಬಿಗೆಯಲ್ಲಿ ನೀರು ತರತೊಡಗಿದರು. ಪೊಲೀಸಿಗೆ ಕೊಟ್ಟ ಹೇಳಿಕೆಯನ್ನು ಬದಲಿಸುತ್ತೇನೆಂದು ಹೆಡ್‌ಮಾಸ್ಟರ ಹತ್ತಿರ ಹೋದಾಗ ಅವರು, "ಮುಗಿದ ಕೇಸು, ಆಕೆಯ ಕೆಲಸಕ್ಕೇ ತೊಂದರೆಯಾದೀತು, ಸುಮ್ಮನಿರಿ" ಎಂದರು. ಮೇಷ್ಟ್ರು ಸುಮ್ಮನಾದರು. ಆಕೆಯ ಒಳ್ಳೆಯದಕ್ಕೋ, ತಮ್ಮದಕ್ಕೋ ಎಂದು ಅವರಿಗೇ ತಿಳಿಯಲಿಲ್ಲ.

ಐದು ವರ್ಷ ಇಬ್ಬರೂ ಒಂದೇ ಸೂರಿನಡಿ ಕೆಲಸ ಮಾಡಿದರು. ಎಂಬತ್ತೇಳರಲ್ಲಿ ಚಕ್ರಪಾಣಿಯವರು ಕೇಳಿಕೊಂಡ ವರ್ಗದ ಆರ್ಡರು ಬಂತು. ಅದನ್ನು ಟಪಾಲು ಪುಸ್ತಕದಲ್ಲಿಟ್ಟುಕೊಂಡು ತಂದವಳು ರಾಮಮ್ಮ. ಹಾಳೆ ತೆರೆದು ಅವರ ಮುಂದಿಟ್ಟು, ಸಹಿ ಹಾಕಬೇಕಾದ ಜಾಗದ ಮೇಲೆ ಬೆರಳಿಟ್ಟು, "ಇಲ್ಲಿ" ಎಂದಳು. ಅವರು ಸಹಿ ಹಾಕಿದರು. ಆಕೆ ಶಾಯಿ ಆರುವ ತನಕ ಕಾದು, ಪುಸ್ತಕ ಮುಚ್ಚಿಕೊಂಡು ಹೋದಳು.